ಚಿತ್ರದ ಪಕ್ಕದಲ್ಲಿ ಎಷ್ಟು ಬರಹ ಬೇಕು: ಛಾಯಾಗ್ರಾಹಕರಿಗೊಂದು ಹೋಲಿಕೆಯ ಮಾರ್ಗದರ್ಶಿ

ದಾವಣಗೆರೆಯಲ್ಲಾಗಲಿ, ಚಿತ್ರದುರ್ಗದಲ್ಲಾಗಲಿ, ಮದುವೆ ಕೆಲಸದಾಚೆಗೂ ಕ್ಯಾಮೆರಾ ಹಿಡಿದು ತಮ್ಮದೇ ಒಂದು ವಿಷಯದ ಬೆನ್ನು ಹತ್ತಿದ ಛಾಯಾಗ್ರಾಹಕರಿಗೆ ಒಂದಲ್ಲ ಒಂದು ದಿನ ಒಂದು ಅರ್ಜಿ ಎದುರಾಗುತ್ತದೆ. ಹೆಸರು, ವಿಳಾಸ, ಚಿತ್ರಗಳ ಸಂಖ್ಯೆ ಎಲ್ಲವನ್ನೂ ತುಂಬಿದ ಮೇಲೆ ಕೆಳಗೆ ‘ಆರ್ಟಿಸ್ಟ್ ಸ್ಟೇಟ್‌ಮೆಂಟ್’, ಅಂದರೆ ಕಲಾವಿದರ ಹೇಳಿಕೆ, ಎಂದು ಬರೆದ ಖಾಲಿ ಜಾಗ ಉಳಿದಿರುತ್ತದೆ. ನನಗೆ ಅದು ಎದುರಾದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ನಾಲ್ಕು ವರ್ಷ ತೆಗೆದ ಚಿತ್ರಗಳನ್ನು ಬೆಂಗಳೂರಿನ ಒಂದು ಗ್ಯಾಲರಿಗೆ ಕಳುಹಿಸುವಾಗ. ಬೇರೆಯವರ ಹೇಳಿಕೆಗಳನ್ನು ಓದಿ, ಅವುಗಳ ಧಾಟಿಯಲ್ಲೇ ಬೆಳಕು ನೆರಳಿನ ಸಂವಾದ, ಶ್ರಮದ ಸೌಂದರ್ಯ ಎಂಬಂಥ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿ ಕಳುಹಿಸಿದೆ. ಕೆಲವು ದಿನಗಳ ನಂತರ ಆಯ್ಕೆಯ ಹೊಣೆ ಹೊತ್ತಿದ್ದವರು ಫೋನ್ ಮಾಡಿ, ಆ ಹೇಳಿಕೆಯ ವಿಚಾರವನ್ನೇ ಎತ್ತದೆ, ‘ನಾಲ್ಕು ವರ್ಷ ಅದೇ ಜಾಗಕ್ಕೆ ಯಾಕೆ ಹೋದಿರಿ ಸರ್?’ ಎಂದು ಕೇಳಿದರು. ನಮ್ಮ ಊರಿನಲ್ಲಿ ಸಂಜೆಯ ಮಂಡಕ್ಕಿ–ಮೆಣಸಿನಕಾಯಿ ಗೊತ್ತಿಲ್ಲದ ಮನೆಯಿಲ್ಲವೆಂದೂ, ಆದರೆ ಕಾದ ಮರಳಿನ ಮುಂದೆ ನಿಂತು ಅದನ್ನು ಹುರಿಯುವವರ ಮುಖವನ್ನು ಮೂವತ್ತು ವರ್ಷ ತುಂಬುವವರೆಗೆ ನಾನು ನೋಡಿರಲಿಲ್ಲವೆಂದೂ, ನೋಡಿದ ಮೇಲೆ ಹೋಗದೆ ಇರಲಾಗಲಿಲ್ಲವೆಂದೂ ಹೇಳಿದೆ. ಅದನ್ನೇ ಬರೆದು ಕಳುಹಿಸಿ ಎಂದರು.

ಅಂದಿನಿಂದ, ಛಾಯಾಗ್ರಾಹಕರಿಗೆ ತಮ್ಮ ಕೆಲಸವನ್ನು ನಾಲ್ಕು ಜನರಿಗೆ ತಲುಪಿಸಲು ಇಂಥ ಹೇಳಿಕೆ ನಿಜವಾಗಿಯೂ ಬೇಕೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಕಿರಿಯ ಗೆಳೆಯರು ಕೇಳಿದಾಗ ಬೇಕು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸಾಧ್ಯವಾಗುವುದಿಲ್ಲ, ಏಕೆಂದರೆ ಚಿತ್ರದ ಜೊತೆ ಹೋಗುವ ಬರಹ ಒಂದೇ ಬಗೆಯದಲ್ಲ. ಒಂದೇ ಚಿತ್ರಕ್ಕೆ ಕೊಡುವ ಶೀರ್ಷಿಕೆ ಇದೆ. ಎಲ್ಲಿ, ಯಾವಾಗ, ಯಾರು, ಏನು ಎಂದು ತಿಳಿಸುವ ಅಡಿಬರಹ ಇದೆ. ಹತ್ತು ಹದಿನೈದು ಚಿತ್ರಗಳ ಗುಂಪಿಗೆ ಪ್ರವೇಶ ಒದಗಿಸುವ ಸರಣಿ ಟಿಪ್ಪಣಿ ಇದೆ. ತಾನು ಏನನ್ನು, ಏಕೆ, ಹೇಗೆ ಮಾಡುತ್ತಿದ್ದೇನೆ ಎಂದು ಕಲಾವಿದ ಉತ್ತಮ ಪುರುಷದಲ್ಲಿ ಹೇಳಿಕೊಳ್ಳುವ ಪೂರ್ಣ ಹೇಳಿಕೆ ಇದೆ. ಇವೆಲ್ಲದರಿಂದ ಬೇರೆಯಾಗಿ, ಹುಟ್ಟಿದ ಊರು, ಕಲಿತದ್ದು, ಪ್ರದರ್ಶನ, ಬಹುಮಾನಗಳನ್ನು ಹೇಳುವ ಪರಿಚಯವೂ ಇದೆ. ಹೇಳಿಕೆ ಕೇಳಿದ ಜಾಗದಲ್ಲಿ ಪರಿಚಯವನ್ನು ಬರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಪರಿಚಯವು ವ್ಯಕ್ತಿಯನ್ನು ಕುರಿತದ್ದು, ಹೇಳಿಕೆಯು ಕೆಲಸವನ್ನು ಕುರಿತದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಎರಡು ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿರುವ ಹೆಚ್ಚಿನ ಛಾಯಾಗ್ರಾಹಕರಿಗೆ ಪ್ರಚಾರಕ್ಕಾಗಿ ಪೂರ್ಣ ಹೇಳಿಕೆಯ ಅಗತ್ಯವಿಲ್ಲ; ಆದರೆ ಒಳ್ಳೆಯ ಅಡಿಬರಹ ಮತ್ತು ಒಂದು ಸರಣಿ ಟಿಪ್ಪಣಿ ಇಲ್ಲದೆ ಯಾರ ಕೆಲಸವೂ ಊರಿನ ಗಡಿ ದಾಟಿ ಹೋಗಲಾರದು. ನಿಮ್ಮನ್ನು ಕಾಣದ, ನಿಮ್ಮ ಊರನ್ನು ಅರಿಯದ ಒಬ್ಬರು ಕಾಗದದ ಮೇಲಷ್ಟೇ ನಿಮ್ಮ ಕೆಲಸವನ್ನು ತೂಗಿ ನಿರ್ಧಾರ ತೆಗೆದುಕೊಳ್ಳಬೇಕಾದ ಸಂದರ್ಭದಲ್ಲಿ ಮಾತ್ರ ಪೂರ್ಣ ಹೇಳಿಕೆ ಅನಿವಾರ್ಯವಾಗುತ್ತದೆ.

ಅಡಿಬರಹ: ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಕೋಡಿ ಹರಿಯುತ್ತಿರುವ ಒಂದು ಚಿತ್ರವನ್ನು ಎಣಿಸಿಕೊಳ್ಳಿ. ಬರಹವಿಲ್ಲದಿದ್ದರೆ ಅದು ನೀರು ಧುಮ್ಮಿಕ್ಕುವ ಯಾವುದೋ ಅಣೆಕಟ್ಟು. ಮಳೆಗಾಲದಲ್ಲಿ ಅಂಥ ಚಿತ್ರಗಳು ದಿನಕ್ಕೆ ನೂರು ಬರುತ್ತವೆ. ಅದರ ಕೆಳಗೆ ‘ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ’ ಎಂದು ಬರೆಯಿರಿ. ಚಿತ್ರದಲ್ಲಿ ದಂಡೆಯ ಮೇಲೆ ಕೈ ಮುಗಿದು ನಿಂತ ಮುದುಕಿಯೊಬ್ಬರಿದ್ದರೆ, ಅವರು ಏಕೆ ಕೈ ಮುಗಿದಿದ್ದಾರೆಂಬುದು ಈಗ ಅರ್ಥವಾಗುತ್ತದೆ. ಅವರ ಆಯುಷ್ಯದಲ್ಲೇ ಕಾಣದಿದ್ದ ನೀರು ಅದು. ಚಿತ್ರದ ಒಂದು ಚುಕ್ಕೆಯೂ ಬದಲಾಗಲಿಲ್ಲ, ನೋಡುವವರಿಗೆ ಮಾತ್ರ ಎಂಬತ್ತೊಂಬತ್ತು ವರ್ಷಗಳ ಬರ ಮತ್ತು ಕಾಯುವಿಕೆ ಕಾಣತೊಡಗಿತು. ಇಂಥ ಕೆಲಸವನ್ನು ಮುನ್ನೂರು ಪದಗಳ ಹೇಳಿಕೆ ಮಾಡಲಾರದು, ಒಂದು ಸಾಲಿನ ಅಡಿಬರಹ ಮಾಡುತ್ತದೆ.

ಅಡಿಬರಹ ಸಡಿಲವಾದರೆ ಆಗುವ ನಷ್ಟಕ್ಕೆ ಛಾಯಾಗ್ರಹಣದ ಇತಿಹಾಸದಲ್ಲಿಯೇ ದೊಡ್ಡ ನಿದರ್ಶನವಿದೆ. ಡೊರೊಥಿಯಾ ಲ್ಯಾಂಗ್ ಅವರು 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಕೀಳುವ ಕೂಲಿಕಾರರ ಬಿಡಾರದಲ್ಲಿ ತೆಗೆದ ತಾಯಿಯ ಚಿತ್ರವನ್ನು ಜಗತ್ತೇ ಬಲ್ಲದು. ಅವರು ಸಾಮಾನ್ಯವಾಗಿ ಅಡಿಬರಹಗಳನ್ನು ಬಹಳ ಶ್ರದ್ಧೆಯಿಂದ ಬರೆಯುತ್ತಿದ್ದವರು. ಆದರೆ ಅಂದು ಆ ಹೆಣ್ಣುಮಗಳ ಹೆಸರನ್ನು ಕೇಳಲಿಲ್ಲ. ವಯಸ್ಸು ಮೂವತ್ತೆರಡು, ಏಳು ಮಕ್ಕಳ ತಾಯಿ ಎಂದಷ್ಟೇ ದಾಖಲಾಯಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದೂ, ಚೆರೊಕೀ ಮೂಲನಿವಾಸಿ ಕುಟುಂಬದವರೆಂಬುದೂ ಲೋಕಕ್ಕೆ ತಿಳಿದದ್ದು 1978ರಲ್ಲಿ. ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿದ್ದರೆಂದು ಲ್ಯಾಂಗ್ ದಾಖಲಿಸಿದ್ದ ಮಾತು ನಿಜವಲ್ಲವೆಂದು ಅವರ ಮನೆಯವರು ಆಮೇಲೆ ಹೇಳಿದರು. ಅಷ್ಟು ದೊಡ್ಡವರ ಕೈಯಲ್ಲಿಯೇ ಹೀಗಾಗಿರುವಾಗ, ಭಟ್ಟಿಯಲ್ಲೋ ಜಾತ್ರೆಯಲ್ಲೋ ತೆಗೆದ ಮುಖವೊಂದಕ್ಕೆ ‘ಬದುಕಿನ ಬವಣೆ’ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ ನಾವು ಯೋಚಿಸಲೇಬೇಕು. ನನ್ನ ಚಿತ್ರಗಳಲ್ಲಿ ಮುಖ ಸ್ಪಷ್ಟವಾಗಿ ಕಾಣುವ ಪ್ರತಿಯೊಬ್ಬರ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಅದನ್ನು ಪ್ರಕಟಿಸುವುದು ಅವರು ಒಪ್ಪಿದರೆ ಮಾತ್ರ, ಮಕ್ಕಳ ವಿಷಯದಲ್ಲಂತೂ ಪ್ರಕಟಿಸುವುದೇ ಇಲ್ಲ.

ಅಡಿಬರಹದಲ್ಲಿ ಚಿತ್ರದಲ್ಲಿ ಕಾಣುತ್ತಿರುವುದನ್ನೇ ಮತ್ತೆ ಹೇಳಬಾರದು. ಹೆಂಗಸೊಬ್ಬರು ಮೊರದಲ್ಲಿ ಮಂಡಕ್ಕಿ ಕೇರುತ್ತಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ಅವರು ಕೆಲಸಕ್ಕೆ ಬಂದದ್ದು ಎಷ್ಟು ಗಂಟೆಗೆ, ಚೀಲಕ್ಕೆ ಸಿಗುವ ಕೂಲಿ ಎಷ್ಟು ಎಂಬುದು ಕಾಣುವುದಿಲ್ಲ, ಬರೆಯಬೇಕಾದದ್ದು ಅದು. ಇನ್ನೊಂದು ಎಚ್ಚರಿಕೆ ವನ್ಯಜೀವಿ ಛಾಯಾಗ್ರಾಹಕರಿಗೆ: ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಯ ಚಿತ್ರಕ್ಕೆ ಅಭಯಾರಣ್ಯದ ಹೆಸರು ಹಾಕಿದರೆ ಸಾಕು, ಅದು ನೀರಿಗೆ ಬರುವ ಜಾಗವನ್ನಾಗಲಿ, ಯಾವುದೇ ಹಕ್ಕಿಯ ಗೂಡಿನ ಗುರುತನ್ನಾಗಲಿ ಬರೆಯಬಾರದು.

ಬರೆದ ಅಡಿಬರಹವನ್ನು ಚಿತ್ರದ ಕಡತದೊಳಗೇ, ಐಪಿಟಿಸಿ ಎಂಬ ಮಾಹಿತಿ ಅಂಕಣಗಳಲ್ಲಿ, ನಿಮ್ಮ ಹೆಸರು ಮತ್ತು ಹಕ್ಕಿನ ವಿವರದ ಸಮೇತ ಸೇರಿಸಿಡುವುದು ಒಳ್ಳೆಯದು. ಲೈಟ್‌ರೂಮ್‌ನಂಥ ತಂತ್ರಾಂಶಗಳಲ್ಲಿ ಅದಕ್ಕೆ ಜಾಗವಿದೆ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ.

ಸರಣಿ ಟಿಪ್ಪಣಿ ಮತ್ತು ಪೂರ್ಣ ಹೇಳಿಕೆ: ಯಾವುದು ಯಾವಾಗ

ಚಿತ್ರದುರ್ಗದ ಕೋಟೆಗೆ ಹೋದವರೆಲ್ಲರೂ ಓಬವ್ವನ ಕಿಂಡಿಯ ಮುಂದೆ ನಿಂತು ಚಿತ್ರ ತೆಗೆಯುತ್ತಾರೆ. ಅದೇ ಕೋಟೆಯಲ್ಲಿ ಒಬ್ಬರು ಹೊಂಡಗಳನ್ನಷ್ಟೇ ಮೂರು ವರ್ಷ, ಬೇಸಿಗೆಯಲ್ಲೊಮ್ಮೆ ಮಳೆಯ ನಂತರವೊಮ್ಮೆ, ತೆಗೆದಿದ್ದಾರೆಂದು ಭಾವಿಸೋಣ. ದುರ್ಗದವರ ಮುಂದೆ ಆ ಚಿತ್ರಗಳನ್ನಿಟ್ಟರೆ ಹೆಚ್ಚು ಮಾತು ಬೇಕಿಲ್ಲ. ದೆಹಲಿಯ ಅಥವಾ ಚೆನ್ನೈನ ಪ್ರೇಕ್ಷಕರ ಮುಂದೆ ಅವು ಬಂಡೆಗಳ ನಡುವೆ ನಿಂತ ನೀರು ಮಾತ್ರ. ಅವರಿಗೆ ಇಷ್ಟು ಸಾಕು:

‘ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೆ ನದಿಯಿಲ್ಲ. ಬಂಡೆಯ ಮೇಲೆ ಬಿದ್ದ ಮಳೆಯ ನೀರೇ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ–ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಊರಿನ ಕಡೆಗೆ ಹರಿಯುವಂತೆ ಪಾಳೆಯಗಾರರ ಕಾಲದವರು ಏರ್ಪಾಡು ಮಾಡಿದ್ದರು. ಕಡಿಮೆ ಮಳೆಯ ಈ ನಾಡಿನಲ್ಲಿ ಕೋಟೆಯನ್ನು ಕಾಯ್ದದ್ದು ಗೋಡೆಗಳಷ್ಟೇ ಅಲ್ಲ. ಆ ನೀರಿನ ದಾರಿಯನ್ನು ಮೇಲಿನಿಂದ ಕೆಳಗೆ ನಡೆದು ತೆಗೆದ ಚಿತ್ರಗಳಿವು.’

ಇದು ಸರಣಿ ಟಿಪ್ಪಣಿ. ಇದರಲ್ಲಿ ‘ನಾನು’ ಎಂಬುದು ಹೆಚ್ಚುಕಡಿಮೆ ಇಲ್ಲ. ನೋಡುವವರನ್ನು ವಿಷಯದ ಬಾಗಿಲಿಗೆ ಕರೆತಂದು ನಿಲ್ಲಿಸುವುದಷ್ಟೇ ಇದರ ಕೆಲಸ. ದಾವಣಗೆರೆ ಅಥವಾ ದುರ್ಗದಲ್ಲಿ ನಡೆಸುವ ಪ್ರದರ್ಶನಕ್ಕೆ, ಪತ್ರಿಕೆಯ ಚಿತ್ರಲೇಖನಕ್ಕೆ, ಜಾಲತಾಣದ ಒಂದು ಪುಟಕ್ಕೆ, ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗೆ ಸಿಗುವ 2,200 ಅಕ್ಷರಗಳ ಜಾಗಕ್ಕೆ ಇದು ಒಪ್ಪುತ್ತದೆ. ಎಂಬತ್ತರಿಂದ ನೂರೈವತ್ತು ಪದಗಳನ್ನು ಮೀರಬೇಕಿಲ್ಲ.

ಪೂರ್ಣ ಹೇಳಿಕೆಯಲ್ಲಿ ಇದರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಇರಬೇಕು: ಈ ವಿಷಯಕ್ಕೆ ನೀವೇ ಏಕೆ, ಇದನ್ನು ಈ ರೀತಿಯಲ್ಲೇ ಏಕೆ ತೆಗೆದಿರಿ, ಇದು ಮುಂದೆ ಎಲ್ಲಿಗೆ ಹೋಗುತ್ತದೆ. ಹೊಂಡಗಳ ಛಾಯಾಗ್ರಾಹಕರು ದುರ್ಗದಲ್ಲಿ ಟ್ಯಾಂಕರ್ ನೀರಿಗೆ ಸಾಲು ನಿಂತು ಬೆಳೆದವರಾಗಿದ್ದರೆ ಆ ಸಂಗತಿ ಹೇಳಿಕೆಗೆ ಸೇರಬೇಕು. ಅವರು ಕಪ್ಪು-ಬಿಳುಪನ್ನು ಆರಿಸಿಕೊಂಡದ್ದು ಬಂಡೆಯ ಮೇಲೆ ನೀರು ಬಿಟ್ಟುಹೋದ ಗೆರೆಗಳು ಬಣ್ಣದಲ್ಲಿ ಕಾಣದೆ ಹೋಗುತ್ತಿದ್ದವು ಎಂಬ ಕಾರಣಕ್ಕಾಗಿದ್ದರೆ, ಆ ಒಂದು ವಾಕ್ಯ ‘ಕಾಲಾತೀತ ಸೌಂದರ್ಯಕ್ಕಾಗಿ ಕಪ್ಪು-ಬಿಳುಪು’ ಎಂಬ ಹತ್ತು ವಾಕ್ಯಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ನನ್ನ ಅನುಭವದಲ್ಲಿ, ಆಯ್ಕೆ ಮಾಡುವವರು ಹೇಳಿಕೆಯಲ್ಲಿ ಹುಡುಕುವುದು ಭಾಷೆಯ ಚೆಲುವನ್ನಲ್ಲ. ಈ ವ್ಯಕ್ತಿ ಈ ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ, ಅವರಿಗೆ ತಾವು ಮಾಡುತ್ತಿರುವುದು ಏನೆಂದು ಗೊತ್ತಿದೆ ಎಂಬ ಭರವಸೆ ಅವರಿಗೆ ಬೇಕು. ಅದು ನೇರ ಮಾತಿನಲ್ಲಿ ಮಾತ್ರ ಬರುತ್ತದೆ.

ಹಾಗಾದರೆ ಪೂರ್ಣ ಹೇಳಿಕೆ ಎಲ್ಲಿ ಬೇಕು? ಧನಸಹಾಯದ ಅರ್ಜಿಗೆ, ಕಲಾವಿದರು ಕೆಲವು ಕಾಲ ಒಂದೆಡೆ ತಂಗಿ ಕೆಲಸ ಮಾಡುವ ರೆಸಿಡೆನ್ಸಿಗೆ, ಗ್ಯಾಲರಿಗೆ, ಚೆನ್ನೈ ಫೋಟೋ ಬಿನಾಲೆಯಂಥ ಉತ್ಸವಗಳು ಅರ್ಜಿ ಕರೆದಾಗ, ಪ್ರಕಾಶಕರ ಮುಂದೆ ಪುಸ್ತಕದ ಪ್ರಸ್ತಾವ ಇಡುವಾಗ. ಇಲ್ಲಿ ರಾಬರ್ಟ್ ಫ್ರಾಂಕ್ ಅವರ ನಿದರ್ಶನ ನನಗೆ ಬಹಳ ಉಪಯುಕ್ತವಾಗಿ ಕಂಡಿದೆ. ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಬಂದಿದ್ದ ಅವರು 1954ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್‌ಗೆ, ಅಮೆರಿಕವನ್ನು ಸುತ್ತಿ ಚಿತ್ರ ತೆಗೆಯಬೇಕೆಂಬ ತಮ್ಮ ಉದ್ದೇಶವನ್ನು ಬರಹದಲ್ಲಿ ವಿವರಿಸಿ ಅರ್ಜಿ ಹಾಕಿದರು. 1955ರಲ್ಲಿ ಅದು ದೊರೆಯಿತು. ಆ ತಿರುಗಾಟದಿಂದ ಹುಟ್ಟಿದ 83 ಚಿತ್ರಗಳ ಪುಸ್ತಕ 1958ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಅಚ್ಚಾದಾಗ ಚಿತ್ರಗಳ ಎದುರು ಅಮೆರಿಕದ ಬಗ್ಗೆ ಹಲವು ಲೇಖಕರ ಬರಹಗಳನ್ನು ಸೇರಿಸಲಾಗಿತ್ತು. 1959ರ ಅಮೆರಿಕದ ಆವೃತ್ತಿಯಲ್ಲಿ ಆ ಬರಹಗಳೆಲ್ಲ ಹೋಗಿ, ಒಂದು ಮುನ್ನುಡಿಯೂ ಚಿತ್ರಗಳಿಗೆ ಚಿಕ್ಕ ಅಡಿಬರಹಗಳೂ ಮಾತ್ರ ಉಳಿದವು. ಇಂದಿಗೂ ಜನ ನೋಡುವುದು ಆ ರೂಪವನ್ನೇ. ಚಿತ್ರ ತೆಗೆಯುವ ಮೊದಲು, ಹಣ ಕೊಡುವವರ ಮುಂದೆ, ಫ್ರಾಂಕ್ ಅವರಿಗೆ ವಿವರವಾದ ಬರಹ ಬೇಕಾಯಿತು; ಚಿತ್ರಗಳು ಸಿದ್ಧವಾಗಿ ನೋಡುಗರ ಕೈಗೆ ಬಂದಾಗ ಅದು ಬೇಕಾಗಲಿಲ್ಲ. ಒಬ್ಬರೇ ಛಾಯಾಗ್ರಾಹಕರು, ಒಂದೇ ಕೆಲಸ, ಎರಡು ಬೇರೆ ಅಗತ್ಯ.

ಭಾಷೆಯ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ: ಹೇಳಿಕೆಯನ್ನು ಮೊದಲು ಕನ್ನಡದಲ್ಲೇ ಬರೆಯಬೇಕು. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಬಾರದೆಂಬ ಒಂದೇ ಅಳುಕಿನಿಂದ ಅರ್ಜಿಯನ್ನೇ ಹಾಕುವುದಿಲ್ಲ, ಇಲ್ಲವೇ ಯಾರ ಕೈಯಲ್ಲೋ ಬರೆಸುತ್ತಾರೆ. ಈಚೆಗೆ ಯಂತ್ರದಿಂದ ಬರೆಸುವುದೂ ಶುರುವಾಗಿದೆ. ಹೀಗೆ ಬರೆಸಿದ ಹೇಳಿಕೆಗಳೆಲ್ಲ ಒಂದೇ ರೀತಿ ಕೇಳಿಸುತ್ತವೆ, ಭಟ್ಟಿಯ ಬದಲು ಬಂದರನ್ನು ಸೇರಿಸಿದರೂ ನಡೆಯುತ್ತದೆ ಎಂಬಂತಿರುತ್ತವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವಗಳನ್ನೂ ಸ್ವೀಕರಿಸುತ್ತದೆ. ಕನ್ನಡದಲ್ಲಿ ಬರೆದರೆ ಬೆಲೆಯಿಲ್ಲ ಎಂಬ ಭಾವನೆಗೆ ಆಧಾರವಿಲ್ಲ. ಇಂಗ್ಲಿಷ್ ಕಡ್ಡಾಯವಾದ ಕಡೆಯಲ್ಲೂ, ಕನ್ನಡದಲ್ಲಿ ನಿಮ್ಮ ಮಾತು ನಿಂತ ಮೇಲೆ ಬಲ್ಲವರಿಂದ ಅನುವಾದ ಮಾಡಿಸಿಕೊಳ್ಳಿ, ಮಾಡಿದ್ದನ್ನು ಓದಿಸಿ ಅರ್ಥ ಕೇಳಿ ತಿಳಿದುಕೊಳ್ಳಿ. ಬರೆಯಲು ಕೈ ಓಡದಿದ್ದರೆ, ಛಾಯಾಗ್ರಹಣದ ಗಂಧವಿಲ್ಲದ ಗೆಳೆಯರೊಬ್ಬರಿಗೆ ನಿಮ್ಮ ಚಿತ್ರಗಳನ್ನು ತೋರಿಸುತ್ತಾ ಮಾತನಾಡಿ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ನಿಮ್ಮ ಹೇಳಿಕೆಯ ಮುಕ್ಕಾಲು ಪಾಲು ಅಲ್ಲಿರುತ್ತದೆ.

ಸಲೋನ್‌ಗೆ, ಸ್ಟುಡಿಯೋಗೆ

ಅಂತರರಾಷ್ಟ್ರೀಯ ಸಲೋನ್‌ಗಳಲ್ಲಿ, ಅಂದರೆ ಛಾಯಾಗ್ರಹಣ ಸಂಘಗಳು ನಡೆಸುವ ಬಿಡಿ ಚಿತ್ರಗಳ ಸ್ಪರ್ಧೆಗಳಲ್ಲಿ, ಭಾಗವಹಿಸುವವರಿಗೆ ಹೇಳಿಕೆಯಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ತೀರ್ಪುಗಾರರಿಗೆ ಛಾಯಾಗ್ರಾಹಕರ ಹೆಸರು ತಿಳಿಯುವುದಿಲ್ಲ, ಒಂದೊಂದು ಚಿತ್ರ ಪರದೆಯ ಮೇಲೆ ಇರುವುದೇ ಕೆಲವು ಕ್ಷಣ. ಅಲ್ಲಿ ಬೇಕಾದದ್ದು ಶೀರ್ಷಿಕೆ. ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕದ ಮಾನ್ಯತೆಯ ಸ್ಪರ್ಧೆಗಳಲ್ಲಿ ಕ್ಯಾಮೆರಾ ಕೊಟ್ಟ ಕಡತ ಸಂಖ್ಯೆಯನ್ನಾಗಲಿ, ‘ಶೀರ್ಷಿಕೆಯಿಲ್ಲ’ ಎಂಬುದನ್ನಾಗಲಿ ಶೀರ್ಷಿಕೆಯೆಂದು ಒಪ್ಪುವುದಿಲ್ಲ. ನಿಸರ್ಗ ಮತ್ತು ಪತ್ರಿಕಾ ವಿಭಾಗಗಳಲ್ಲಿ ಭಾವುಕ ಶೀರ್ಷಿಕೆಗಿಂತ ಇದ್ದದ್ದನ್ನು ಇದ್ದಂತೆ ಹೇಳುವುದೇ ಒಳಿತು.

ಮದುವೆ, ನಾಮಕರಣ, ಗೃಹಪ್ರವೇಶಗಳ ಕೆಲಸವನ್ನೇ ನೆಚ್ಚಿಕೊಂಡ ಸ್ಟುಡಿಯೋದವರಿಗೂ ನಾನು ಪೂರ್ಣ ಹೇಳಿಕೆಯನ್ನು ಸೂಚಿಸುವುದಿಲ್ಲ. ಮಗಳ ಮದುವೆಗೆ ಛಾಯಾಗ್ರಾಹಕರನ್ನು ಹುಡುಕುವ ತಂದೆ ತಾಯಿಗೆ ಗೊತ್ತಾಗಬೇಕಾದದ್ದು ನೀವು ಯಾವ ಯಾವ ಊರಿಗೆ ಬರುತ್ತೀರಿ, ಎಷ್ಟು ಜನ ಬರುತ್ತೀರಿ, ಆಲ್ಬಂ ಎಷ್ಟು ದಿನಕ್ಕೆ ಕೈಗೆ ಸಿಗುತ್ತದೆ, ಮುಂಗಡ ಎಷ್ಟು ಎಂಬುದು. ಇವನ್ನು ಸ್ಪಷ್ಟವಾಗಿ ಬರೆದು, ಅದರ ಮೇಲೆ ನಿಮ್ಮ ಕೆಲಸದ ರೀತಿಯನ್ನು ಹೇಳುವ ಎರಡು ವಾಕ್ಯಗಳಿದ್ದರೆ ಸಾಕು; ಧಾರೆಯ ಹೊತ್ತಿನಲ್ಲಿ ನಾವು ಫ್ಲ್ಯಾಶ್ ಬಳಸುವುದಿಲ್ಲ, ಯಾರನ್ನೂ ತಡೆದು ನಿಲ್ಲಿಸುವುದಿಲ್ಲ ಎಂಬಂಥ ಮಾತು ಯಾವ ಹೇಳಿಕೆಗಿಂತಲೂ ಹೆಚ್ಚು ವಿಶ್ವಾಸ ಹುಟ್ಟಿಸುತ್ತದೆ.

ಅವರಿಗೆ ಹೇಳಿಕೆಗಿಂತ ಮುಖ್ಯವಾದ ಇನ್ನೊಂದು ಬರಹವಿದೆ, ಅದು ಅನುಮತಿ ಪತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೆ ಸೇರುತ್ತದೆ. ಮದುವಣಗಿತ್ತಿಯ ಚಿತ್ರವನ್ನು ನಿಮ್ಮ ಪ್ರಚಾರಕ್ಕೆ ಬಳಸಬೇಕಾದರೆ ಆ ಮನೆಯವರ ಲಿಖಿತ ಒಪ್ಪಿಗೆಯನ್ನು ಮುಂಗಡ ಪಡೆಯುವ ದಿನವೇ ಪಡೆಯಬೇಕು. ಇದನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದಿಲ್ಲವಾದ್ದರಿಂದ ಇಲ್ಲಿ ಹೇಳಬೇಕೆನಿಸಿತು.

ಮಾತೇ ಬೇಡವೆನ್ನುವವರ ಬಗ್ಗೆ

ಚಿತ್ರ ತಾನೇ ಮಾತನಾಡಬೇಕು, ಬರೆದು ವಿವರಿಸಬೇಕಾದ ಚಿತ್ರ ಸೋತ ಚಿತ್ರ ಎಂದು ನಂಬಿರುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ದುರ್ಬಲ ಚಿತ್ರವನ್ನು ಯಾವ ಹೇಳಿಕೆಯೂ ಎತ್ತಿ ನಿಲ್ಲಿಸಲಾರದು, ಮತ್ತು ಅತಿಯಾದ ವಿವರಣೆ ನೋಡುವವರ ಕಣ್ಣಿನ ಸ್ವಾತಂತ್ರ್ಯವನ್ನು ಕಸಿಯುತ್ತದೆ. ಈ ನಿಲುವಿಗೆ ಸಾಮಾನ್ಯವಾಗಿ ಎತ್ತಿ ತೋರಿಸುವ ನಿದರ್ಶನ ವಾಕರ್ ಎವನ್ಸ್ ಅವರದು: ಅಲಬಾಮದ ಮೂರು ಗೇಣಿದಾರ ಕುಟುಂಬಗಳ ಬಗ್ಗೆ 1941ರಲ್ಲಿ ಬಂದ ಪುಸ್ತಕದಲ್ಲಿ ಅವರ ಚಿತ್ರಗಳು ಒಂದೂ ಅಡಿಬರಹವಿಲ್ಲದೆ, ಮುಖಪುಟ ತಿರುವುತ್ತಿದ್ದಂತೆಯೇ ಎದುರಾಗುತ್ತವೆ. ಆದರೆ ಅವುಗಳ ಹಿಂದೆಯೇ ಜೇಮ್ಸ್ ಏಜಿ ಅವರು ಅದೇ ಕುಟುಂಬಗಳ ಬಗ್ಗೆ ಬರೆದ ನೂರಾರು ಪುಟಗಳಿವೆ ಎಂಬುದನ್ನು ಮರೆಯಬಾರದು. ನಮ್ಮ ನಾಡಿನ ಟಿ. ಎಸ್. ಸತ್ಯನ್ ಅವರೂ ಚಿತ್ರ ಮತ್ತು ಬರಹ ಎರಡನ್ನೂ ಒಂದೇ ಕೈಯಿಂದ ಮಾಡಿದವರು. ಬರೆದದ್ದರಿಂದ ಅವರ ಚಿತ್ರಗಳ ಶಕ್ತಿಯೇನೂ ಕುಂದಲಿಲ್ಲ.

ಯಾರಿಗೂ ಯಾವ ವಿವರಣೆಯೂ ಬೇಡದ ಚಿತ್ರಗಳು ಇವೆ, ನಿಜ. ಜೋಗಿಮಟ್ಟಿಯ ಮೇಲೆ ಮಂಜು ಸರಿಯುವ ದೃಶ್ಯಕ್ಕೆ ಜಾಗದ ಹೆಸರು ಸಾಕು. ಮನೆಯ ಗೋಡೆಗೆಂದು ಪ್ರಿಂಟ್ ಕೊಳ್ಳುವವರಿಗೂ ಅಷ್ಟೇ ಸಾಕು. ಆದರೆ ಜನರ ದುಡಿಮೆಯನ್ನು, ಬಡತನವನ್ನು, ನಂಬಿಕೆಯನ್ನು ಚಿತ್ರಿಸುವವರು ಮೌನವನ್ನು ಆರಿಸಿಕೊಂಡಾಗ, ಆ ಖಾಲಿ ಜಾಗವನ್ನು ನೋಡುವವರ ಊಹೆ ತುಂಬುತ್ತದೆ. ಆ ಊಹೆಯ ಭಾರ ಬೀಳುವುದು ಚಿತ್ರದಲ್ಲಿರುವವರ ಮೇಲೆ. ಆದ್ದರಿಂದ ಇಂಥ ಕೆಲಸದಲ್ಲಿ ಅಡಿಬರಹವನ್ನಾದರೂ ಬಿಡಬಾರದೆಂದು ನಾನು ಒತ್ತಾಯಿಸುತ್ತೇನೆ.

ಈಗಷ್ಟೇ ಶುರು ಮಾಡುತ್ತಿರುವವರು ಯಾವ ಕ್ರಮದಲ್ಲಿ ಹೋಗಬಹುದು ಎಂದರೆ, ಚಿತ್ರ ತೆಗೆದ ದಿನವೇ ಅಡಿಬರಹ ಬರೆಯಿರಿ. ಒಂದೇ ವಿಷಯದ ಮೇಲೆ ಹತ್ತು ಹನ್ನೆರಡು ಗಟ್ಟಿ ಚಿತ್ರಗಳಾದಾಗ ಸರಣಿ ಟಿಪ್ಪಣಿ ಬರೆಯಿರಿ. ಪೂರ್ಣ ಹೇಳಿಕೆಯನ್ನು ಕೇಳುವವರು ಬಂದಾಗ ಆ ಟಿಪ್ಪಣಿಯನ್ನೇ ಬೆಳೆಸಿ. ಒಮ್ಮೆ ಬರೆದದ್ದನ್ನು ಎಲ್ಲ ಕಡೆಗೂ ಕಳುಹಿಸದೆ, ಪ್ರತಿ ಅರ್ಜಿಯ ಪ್ರಶ್ನೆಗೆ ತಕ್ಕಂತೆ ತಿದ್ದಿ. ಪ್ರದರ್ಶನವಾದರೆ ಟಿಪ್ಪಣಿಯನ್ನು ಮೊದಲ ಚಿತ್ರದ ಎಡಕ್ಕೆ, ನಿಂತವರ ಕಣ್ಣಿನ ಎತ್ತರಕ್ಕೆ, ಕನ್ನಡ ಮೇಲೆ ಇಂಗ್ಲಿಷ್ ಕೆಳಗೆ ಬರುವಂತೆ ಹಾಕಿ, ಅಕ್ಷರವನ್ನು ಕನ್ನಡಕ ಮರೆತು ಬಂದವರೂ ಓದುವಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ. ಮಂಡಕ್ಕಿ ಭಟ್ಟಿಯ ಚಿತ್ರಗಳನ್ನು ದಾವಣಗೆರೆಯಲ್ಲಿ ತೋರಿಸಿದಾಗ, ಚಿತ್ರದಲ್ಲಿದ್ದ ಭಟ್ಟಿಯ ಕೆಲಸಗಾರರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಅವರಿಗೆ ಓದು ಬಾರದು. ಮಗಳು ಟಿಪ್ಪಣಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದಳು. ಮರಳು ಕಾಯಿಸುವ ಹೊತ್ತನ್ನು ನಾನು ತಪ್ಪಾಗಿ ಬರೆದಿದ್ದೇನೆಂದು ಅವರು ತೋರಿಸಿಕೊಟ್ಟರು, ಮರುದಿನ ಬೆಳಿಗ್ಗೆ ಆ ಹಾಳೆಯನ್ನು ತಿದ್ದಿ ಹಾಕಿದೆ.